ಒಂದು ಗೇಣು ಕೇಬಲ್

"ಇಳೀರಿ ಮೇಡಂ, ಏಣಿ ಅಲ್ಲಾಡ್ತಿದೆ," ಎಂದು ಎಸ್‌ಐ ಕೆಳಗಿನಿಂದ ಕೂಗಿದ.

"ಅಲ್ಲಾಡದೆ ಇರ್ಲಿ ಅಂತಾನೇ ನಿನ್ನ ಅಲ್ಲಿ ನಿಲ್ಸಿರೋದು. ಗಟ್ಟಿಯಾಗಿ ಹಿಡ್ಕೊ," ಎಂದಳು ಸೂಜಿ.

ಠಾಣೆಯ ಒಳಗಾಗಿದ್ದರೆ ಅವಳು ಅವನನ್ನು 'ನೀವು' ಎನ್ನುತ್ತಿದ್ದಳು. ಇದು ಠಾಣೆಯ ಹಿಂದಿನ ತಗಡಿನ ಶೆಡ್ಡು. ಅವಳು ಇನ್‌ಸ್ಪೆಕ್ಟರ್ ಆಗಿದ್ದ ಕಾಲದಲ್ಲಿ ಅವಳ ಕೈಕೆಳಗೇ ಪಂಚನಾಮೆ ಬರೆಯಲು ಕಲಿತವನು ಇವನು. ನಿನ್ನೆ ಅವಳ ಒಡಹುಟ್ಟಿದ ತಮ್ಮನನ್ನೇ ತಂದು ಲಾಕಪ್ಪಿನಲ್ಲಿ ಕೂರಿಸಿದ್ದಾನೆ. ಅಷ್ಟು ಮಾಡಿದವನಿಗೆ ಬಹುವಚನ ಬೇರೆ ಕೇಡು.

ಸೂಜಿ ಎಂಬುದು ಅಪ್ಪ ಇಟ್ಟ ಅಡ್ಡಹೆಸರು. ಅಪ್ಪನದು ಟಿವಿ, ಡಿಶ್ಶು, ಕೇಬಲ್ಲಿನ ಅಂಗಡಿ. ಗೋಡೆಯ ತೂತಿನಲ್ಲಿ ವೈರ್ ಸಿಕ್ಕಿಕೊಂಡರೆ ಮಗಳ ಸಣ್ಣ ಕೈಯನ್ನು ಒಳಗೆ ಬಿಡಿಸಿ ಎಳೆಸುತ್ತಿದ್ದ. ದೊಡ್ಡವಳಾಗಿ ಪೊಲೀಸು ಸೇರಿದ ಮೇಲೆ ಅದೇ ಹೆಸರಿಗೆ ಜನ ಬೇರೆ ಅರ್ಥ ಹಚ್ಚಿದರು. ಚುಚ್ಚುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದರು. ನೌಕರಿ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದರೂ ಹೆಸರು ಅವಳನ್ನು ಬಿಡಲಿಲ್ಲ.

ಏಣಿ ಆನಿಸಿದ್ದು ಒಬ್ಬ ಕಂಟ್ರಾಕ್ಟರನ ಮನೆಗಾಡಿಗೆ. ಬಸ್ಸಿನಷ್ಟು ಉದ್ದದ ಮೋಟಾರ್‌ಹೋಮ್. ಒಳಗೆ ಮಂಚ, ಒಲೆ, ನಿಂತು ಸ್ನಾನ ಮಾಡುವಷ್ಟು ಮೂಲೆ, ಸೋಫಾದ ಎದುರು ಗೋಡೆಯಗಲದ ಟಿವಿ. ಬಯಲಲ್ಲಿ ನಿಂತಾಗ ಟಿವಿಗೆ ಚಾವಣಿಯ ಮೇಲಿನ ಡಿಶ್ಶು. ಇಂಥ ಗಾಡಿಗಳ ತಂಗುದಾಣದಲ್ಲಿ ನಿಂತಾಗ ಅಲ್ಲಿನ ಕಂಬದಿಂದ ಕೇಬಲ್ ಎಳೆದು ಸಿಕ್ಕಿಸಲು ಗಾಡಿಯ ಪಕ್ಕೆಯಲ್ಲಿ ಮುಚ್ಚಳವಿದ್ದ ಒಂದು ಸಾಕೆಟ್ಟು. ಮನೆ ಬಿಟ್ಟು ಊರು ಸುತ್ತಲು ಹೊರಟವರಿಗೂ ಮನೆಯ ಧಾರಾವಾಹಿ ತಪ್ಪಬಾರದು ನೋಡಿ.

ಹೋದ ವಾರ, ರಾತ್ರಿಯೆಲ್ಲ ಮಳೆ ಸುರಿದ ಮರುಬೆಳಿಗ್ಗೆ, ಅಂಥದೊಂದು ತಂಗುದಾಣದಲ್ಲಿ ಕಂಟ್ರಾಕ್ಟರ್ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ಸಾಕೆಟ್ಟಿಗೆ ಕೇಬಲ್ಲಿನ ತುದಿ ತಿರುಗಿಸಲು ಹೋದ. ಶಾಕ್ ಹೊಡೆದು ಬಿದ್ದವನು ಮತ್ತೆ ಏಳಲಿಲ್ಲ. ಗಾಡಿಗೆ ವೈರಿಂಗ್ ಮಾಡಿದವನು ಸೂಜಿಯ ತಮ್ಮ.

ಪೊಲೀಸರ ಲೆಕ್ಕ ಸಲೀಸಾಗಿತ್ತು. ಡಿಶ್ಶಿನ ಕೇಬಲ್ ಗಾಡಿಯ ಗೋಡೆಯೊಳಗೆ ಹೋಗುವ ತೂತಿನ ಬಳಿ ನೀರು ತಡೆಯುವ ಬಾಗು ಬಿಟ್ಟಿಲ್ಲ. ಮಳೆನೀರು ಕೇಬಲ್ಲಿನ ಮೈ ಹಿಡಿದುಕೊಂಡೇ ಒಳಗಿಳಿದು ಟಿವಿಯ ಹಿಂದಿನ ಪ್ಲಗ್ ಬೋರ್ಡಿಗೆ ತೊಟ್ಟಿಕ್ಕಿದೆ. ಅಲ್ಲಿಂದ ಕರೆಂಟು ಕೇಬಲ್ಲುಗಳೊಳಗಿನ ಲೋಹದ ಜಾಲರಿಗೆ ಹತ್ತಿ ಪಕ್ಕೆಯ ಸಾಕೆಟ್ಟಿಗೆ ಬಂದು ಕೂತಿದೆ. ವೈರ್‌ಮ್ಯಾನನ ಬೇಜವಾಬ್ದಾರಿಗೆ ಒಂದು ಹೆಣ ಬಿದ್ದಿದೆ. ಮಧ್ಯಾಹ್ನ ತಮ್ಮನನ್ನು ಕೋರ್ಟಿಗೆ ಹಾಜರುಪಡಿಸಿದರೆ ಅಲ್ಲಿಂದ ಸೀದಾ ಜೈಲು.

ಸೂಜಿ ಇದನ್ನು ಒಪ್ಪಿರಲಿಲ್ಲ. ತಮ್ಮನ ಮೇಲಿನ ಮಮತೆ ಉಕ್ಕಿ ಹರಿದು ಒಪ್ಪದೆ ಹೋದಳು ಎಂದುಕೊಳ್ಳಬೇಡಿ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಮಗನದೋ ಅಳಿಯನದೋ ಎಂದು ತಮ್ಮನಿಗೂ ಅವಳ ಗಂಡನಿಗೂ ಹತ್ತಿಕೊಂಡ ಜಗಳದಲ್ಲಿ ಅವಳು ಗಂಡನ ಪರ ನಿಂತಿದ್ದಳು. ತಮ್ಮ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಹೋಗಿ ಎಲ್ಲೋ ಬಾಡಿಗೆ ಕೋಣೆ ಸೇರಿದ. ಅಂದಿನಿಂದ ಅಕ್ಕ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಅವನು ಏನು ಬೇಕಾದರೂ ಆಗಿರಲಿ, ಬಾಗು ಬಿಡದೆ ಕೇಬಲ್ ಎಳೆಯುವವನಲ್ಲ. ಅಪ್ಪನ ಕೈಯಲ್ಲಿ ಪಳಗಿದವರು ಊಟ ಮರೆತಾರು, ಹನಿಕೊಂಡಿ ಮರೆಯರು.

ಬೇರೆಯವರು ಲೂಪ್ ಎನ್ನುವುದನ್ನು ಅಪ್ಪ ಹನಿಕೊಂಡಿ ಎನ್ನುತ್ತಿದ್ದ. ಕೇಬಲ್ಲನ್ನು ನೆಟ್ಟಗೆ ತೂತಿಗೆ ತೂರಿಸಬಾರದು. ತೂತಿಗಿಂತ ಕೆಳಕ್ಕೆ ಒಂದು ಗೇಣು ಜೋಲುಬಿಟ್ಟು ಮತ್ತೆ ಮೇಲೆತ್ತಿ ಒಳಗೆ ಬಿಡಬೇಕು. ಆಗ ನೀರು ಆ ಬಾಗಿನ ತಳಕ್ಕೆ ಬಂದು ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ.

ಅವಳ ಗಂಡ ಅಪ್ಪನ ಹತ್ತಿರ ಕೆಲಸ ಕಲಿಯಲು ಬಂದ ಹೊಸದರಲ್ಲಿ, ಅಂದರೆ ಇನ್ನೂ ಗಂಡನಾಗಿಲ್ಲದ ಕಾಲದಲ್ಲಿ, ಡ್ರಿಲ್ಲಿನ ಗದ್ದಲದೊಳಗೆ ಆ ಪದವನ್ನು 'ಹನಿಕೋಳಿ' ಎಂದು ಕೇಳಿಸಿಕೊಂಡಿದ್ದ. ಒಬ್ಬ ಗಿರಾಕಿಯ ಮುಂದೆ ಗಂಭೀರವಾಗಿ "ಹನಿಕೋಳಿ ಬಿಟ್ಟಿದೀನಿ ಸಾರ್" ಎಂದೂ ಬಿಟ್ಟ. ಗಿರಾಕಿ ಮಾಳಿಗೆಯತ್ತ ನೋಡಿ ಕೋಳಿ ಹುಡುಕಿದ. ತಮ್ಮ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕ. ಮದುವೆಯಾದ ಮೇಲೂ "ಭಾವ, ಇವತ್ತು ಎಷ್ಟು ಮೊಟ್ಟೆ?" ಎಂದು ಗಿರಾಕಿಗಳ ಎದುರಿಗೇ ಕಾಡಿದ. ಗಂಡ ಪದ ತಿದ್ದಿಕೊಳ್ಳಲಿಲ್ಲ. ಹಟ ಹಿಡಿದವನಂತೆ ಹನಿಕೋಳಿ ಎಂದೇ ಹೇಳುತ್ತ ಬಂದ. ಮನೆಯಳಿಯನಾದವನು ನಗೆಪಾಟಲನ್ನು ಎಷ್ಟು ದಿನ ನುಂಗಿಕೊಂಡಾನು? ಅಂಗಡಿಯ ಜಗಳದ ಬೇರು ಹುಡುಕಿದರೆ ಈ ಕೋಳಿಯೇ ಸಿಗುತ್ತದೆ ಎಂದು ಸೂಜಿಗೆ ಎಷ್ಟೋ ಸಲ ಅನಿಸಿ ಬಾಯಿ ಕಹಿಯಾಗಿತ್ತು.

ಇಂದು ಬೆಳಿಗ್ಗೆಯೂ ಅವನನ್ನು ಕೇಳಿಯೇ ಹೊರಟಿದ್ದಳು. "ಆ ಗಾಡೀನ ನಾನು ಕಣ್ಣಲ್ಲೂ ನೋಡಿಲ್ಲ ಮಾರಾಯ್ತಿ. ನಿನ್ನ ತಮ್ಮ ಹೇಗೆ ಎಳೆದಿದಾನೋ ನನಗೇನು ಗೊತ್ತು," ಎಂದಿದ್ದ ಅವನು, ಅವಳ ಊಟದ ಡಬ್ಬಿಯ ಮುಚ್ಚಳ ಒತ್ತುತ್ತ.

ಏಣಿಯ ಮೇಲಿನಿಂದ ಸೂಜಿ ತೂತಿನ ಸುತ್ತ ಬೆರಳಾಡಿಸಿದಳು. ಕೇಬಲ್ ಬಿಗಿಯಾಗಿ, ನೆಟ್ಟಗೆ ಒಳಗೆ ಹೋಗಿತ್ತು. ಪೊಲೀಸರು ಸುಳ್ಳು ಬರೆದಿರಲಿಲ್ಲ. ಆದರೆ ತೂತು ಮುಚ್ಚಿದ ಅಂಟು ಎರಡು ಬಣ್ಣದ್ದಿತ್ತು. ಕೆಳಗಿನದು ಬೂದು, ಒಣಗಿ ಬಿರುಕುಬಿಟ್ಟದ್ದು. ಮೇಲಿನದು ಬಿಳಿ; ಉಗುರು ಒತ್ತಿದರೆ ಇನ್ನೂ ತಗ್ಗು ಬೀಳುತ್ತಿತ್ತು.

ಅವಳು ಕೈಯ ಕರವಸ್ತ್ರದಿಂದ ತೂತಿನ ಕೆಳಗಿನ ಬಣ್ಣ ಒರೆಸಿದಳು. ಧೂಳು ಹೋಯಿತು, ಗೀರು ಉಳಿಯಿತು. ಬಿಳಿ ಬಣ್ಣದ ಮೇಲೆ ಅರ್ಧಚಂದ್ರದ ಹಾಗೆ ಒಂದು ಬೂದು ಸವಕಲು. ಗಾಡಿ ಓಡುವಾಗ ಗಾಳಿಗೆ ಏನೋ ತೂಗಾಡಿ ತೂಗಾಡಿ ಉಜ್ಜಿದ್ದು. ಅವಳು ತನ್ನ ಗೇಣು ಇಟ್ಟು ನೋಡಿದಳು. ಹೆಬ್ಬೆರಳು ತೂತಿನಲ್ಲಿ, ಕಿರುಬೆರಳು ಚಂದ್ರನ ತಳದಲ್ಲಿ ಸರಿಯಾಗಿ ಕೂತಿತು.

"ಇಲ್ಲಿ ಹನಿಕೊಂಡಿ ಇತ್ತು ಕಣೋ," ಎಂದಳು. "ಯಾರೋ ಅದನ್ನ ಒಳಗಿಂದ ಜಗ್ಗಿದಾರೆ."

ಒಳಗೆ ಹೋಗಿ ಟಿವಿಯನ್ನು ಗೋಡೆಯಿಂದ ಪಕ್ಕಕ್ಕೆ ಸರಿಸಿದರು. ತಮ್ಮ ತಾನು ಕೇಬಲ್ ತುದಿಗೆ ಕೂರಿಸಿದ ಪ್ರತಿ ಪಿನ್ನಿಗೂ ಕರಿ ರಬ್ಬರಿನ ತೋಳು ತೊಡಿಸಿ ಕಾಯಿಸಿ ಬಿಗಿ ಮಾಡುತ್ತಿದ್ದ. ಪಕ್ಕೆಯ ಕೇಬಲ್ಲಿನ ಪಿನ್ನಿಗೆ ತೋಳಿತ್ತು. ಟಿವಿಗೆ ಹೋದದ್ದಕ್ಕೂ ಇತ್ತು. ಡಿಶ್ಶಿನಿಂದ ಬಂದ ಕೇಬಲ್ಲಿನ ಪಿನ್ನು ಮಾತ್ರ ಬೋಳಾಗಿ ಹೊಳೆಯುತ್ತಿತ್ತು. ಹೊರಗಿನ ಜೋಲನ್ನು ಒಳಕ್ಕೆ ಎಳೆದುಕೊಂಡು, ಹೆಚ್ಚಾದದ್ದನ್ನು ಕತ್ತರಿಸಿ, ಹೊಸ ಪಿನ್ನು ಕೂರಿಸಿದ್ದಾರೆ. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಪ್ಲಗ್ ಬೋರ್ಡಿನ ಅರ್ಥ್ ವೈರೂ ಕಳಚಿತ್ತು. ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಜಾರಿದ ಹೊಸ ಗೆರೆ. ನೀರು ಬರೀ ನೆಪ. ಕರೆಂಟು ಹಾಯಿಸಿದ್ದು ಮನುಷ್ಯರ ಕೈ.

ಎಸ್‌ಐ ಗಲ್ಲ ಕೆರೆದುಕೊಂಡ. "ಸರಿ ಮೇಡಂ. ಆದ್ರೆ ಇಷ್ಟು ನೀಟಾಗಿ ಪಿನ್ ಕೂರಿಸೋಕೆ ಕೈ ಪಳಗಿರ್ಬೇಕಲ್ಲ? ಆಮೇಲೆ ಬಂದು ನಿಮ್ಮ ತಮ್ಮನೇ ಕತ್ತರಿಸಿರಬಹುದು ಅಂತಾರೆ ಕೋರ್ಟಲ್ಲಿ. ಆಗ ಬೇಜವಾಬ್ದಾರಿ ಹೋಗಿ ಕೊಲೆ ಕೇಸೇ ಆಗುತ್ತೆ. ಬೇರೆ ಯಾರು ಅಂತ ತೋರಿಸಿ, ಈಗ್ಲೇ ಬಿಡ್ತೀನಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಗುಂಡಿಯಿಂದ ಎತ್ತಲು ಹೋಗಿ ತಮ್ಮನನ್ನು ಬಾವಿಗೆ ತಳ್ಳುವ ಹಾಗಾಗಿತ್ತು.

"ಡ್ರೈವರ್‌ನ ಕರಿ," ಎಂದಳು ಸೂಜಿ.

ಡ್ರೈವರ್ ಎಂದರೆ ಸತ್ತವನ ಬಾಮೈದ, ಹೆಂಡತಿಯ ತಮ್ಮ. ಗಾಡಿ ಬಿಡಿಸಿಕೊಂಡು ಹೋಗಲು ಬೆಳಿಗ್ಗೆಯಿಂದ ಠಾಣೆಯ ಬೆಂಚಿನಲ್ಲಿ ಕಾದಿದ್ದ. ಒಳಗೆ ಬಂದವನು ಸೋಫಾ ಖಾಲಿ ಇದ್ದರೂ ಅದರತ್ತ ನೋಡದೆ, ಡ್ರೈವರ್ ಸೀಟನ್ನು ಹಿಂದಕ್ಕೆ ತಿರುಗಿಸಿ ಅದರ ಮೇಲೆ ಕೂತ.

"ಸೋಫಾದಲ್ಲಿ ಕೂತ್ಕೊಳ್ಳಬಹುದಲ್ಲ," ಎಂದಳು ಸೂಜಿ.

"ಅಭ್ಯಾಸ ಇಲ್ಲ ಮೇಡಂ. ಭಾವ ಇರೋವರೆಗೂ ನನ್ನ ಜಾಗ ಇದೇ. ಮಲಗೋದೂ ಇಲ್ಲೇ, ಉಣ್ಣೋದೂ ಇಲ್ಲೇ. ಒಳಗೆ ಮಂಚ ಖಾಲಿ ಬಿದ್ದಿದ್ರೂ ಸೈ."

"ಅಕ್ಕ ಏನೂ ಅಂತಿರ್ಲಿಲ್ವಾ?"

"ಅಕ್ಕ ಅವರ ಹೆಂಡತಿ ಮೇಡಂ. ನನಗೆ ಅಕ್ಕ ಆಗೋಕೆ ಪುರುಸೊತ್ತೆಲ್ಲಿ?"

ಆ ಮಾತು ಸೂಜಿಯ ಎದೆಗೆ ಸರಿಯಾಗಿ ನಾಟಿತು. ಚುಚ್ಚುವ ಕಸುಬು ಅವಳೊಬ್ಬಳದೇ ಅಲ್ಲ. ಸಾವರಿಸಿಕೊಂಡು ಕೇಳಿದಳು: "ತಂಗುದಾಣದಲ್ಲಿ ಕೇಬಲ್ ಸಿಕ್ಕಿಸೋ ಕೆಲಸ ಯಾರದು?"

"ನಂದೇ. ಗಾಡಿ ಓಡಿಸೋದು, ತೊಳೆಯೋದು, ಕಕ್ಕಸಿನ ಟ್ಯಾಂಕ್ ಖಾಲಿ ಮಾಡೋದು, ಎಲ್ಲಾ ನಂದೇ."

"ಅವತ್ತು ಭಾವ ಯಾಕೆ ಸಿಕ್ಕಿಸೋಕೆ ಹೋದ್ರು?"

"ನಾನು ಹಾಲು ತರೋಕೆ ಹೋಗಿದ್ದೆ."

"ಹಾಲು ತರೋದು ದಿನಾ ಯಾರು?"

ಬಾಮೈದ ಸ್ಟಿಯರಿಂಗಿನ ಮೇಲಿದ್ದ ಬಟ್ಟೆಯನ್ನು ತೆಗೆದು ಮಡಿಸಿದ. "ಅಕ್ಕ," ಎಂದ ನಿಧಾನಕ್ಕೆ. "ಅವತ್ತು ಅವಳಿಗೆ ಕಾಲುನೋವು."

"ಕರೆಂಟಿನ ಕೆಲಸ ಬರುತ್ತಾ?"

"ಫ್ಯೂಸ್ ಹಾಕೋಕೂ ಬರಲ್ಲ. ಪ್ಲಗ್ ಕೀಳಬೇಕಾದ್ರೂ ಚಪ್ಪಲಿ ಹುಡುಕ್ತೀನಿ."

"ನನ್ನ ತಮ್ಮ ಇದಕ್ಕೆ ವೈರ್ ಎಳೆಯೋವಾಗ ಇದ್ರಾ?"

"ನಾನು ಊರಲ್ಲೇ ಇರ್ಲಿಲ್ಲ. ಭಾವ ಒಬ್ರೇ ನಿಂತು ಮಾಡಿಸಿದ್ರು. ನಿಮ್ಮ ತಮ್ಮನ ಮುಖ ನಾನು ನೋಡಿದ್ದೇ ನಿನ್ನೆ, ಲಾಕಪ್ಪಲ್ಲಿ. ಒಂದು ಮಾತೂ ಆಡಿಲ್ಲ."

ಎಸ್‌ಐ ತಲೆಯಾಡಿಸಿದ. ಅದು ನಿಜವೆಂದು ಅವನು ಆಗಲೇ ವಿಚಾರಿಸಿಕೊಂಡಿದ್ದ. ಸೂಜಿ ಎದ್ದು ಹೋಗಿ, ಟಿವಿಯ ಹಿಂದಿನ ಬೋಳು ಪಿನ್ನನ್ನು ಬೆರಳಲ್ಲಿ ಹಿಡಿದು, ಅವನತ್ತ ನೋಡದೆಯೇ ಹೇಳಿದಳು:

"ನನ್ನ ತಮ್ಮನ ಕೆಲಸದಲ್ಲಿ ಲೋಪ ಇಲ್ಲ. ಹೊರಗೆ ಬಾಗು ಬಿಟ್ಟಿದ್ದ. ನೀರು ಒಳಗೆ ಬರೋಕೆ ಸಾಧ್ಯಾನೇ ಇರ್ಲಿಲ್ಲ. ಅವನನ್ನ ಇವತ್ತೇ ಬಿಡಿಸ್ಕೊಂಡು ಹೋಗ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇಂದಿಗೂ ಇದ್ದಾರೆ. ಬಾಮೈದ ಸೀಟಿನಿಂದ ದಡಕ್ಕನೆ ಎದ್ದ.

"ಏನ್ ಬಿಟ್ಟಿದ್ದ? ಒಡಹುಟ್ಟಿದೋನು ಅಂತ ಮುಚ್ಚಿಹಾಕ್ಬೇಡಿ ಮೇಡಂ! ಹನಿಕೋಳಿ ಬಿಡದೆ ನೆಟ್ಟಗೆ ತೂರಿಸಿದಾನೆ. ನೀರು ಹೋಗದೆ ಇನ್ನೇನಾಗುತ್ತೆ?"

ಸೂಜಿಯ ಬೆರಳಿನಿಂದ ಕೇಬಲ್ ಜಾರಿ ಗೋಡೆಗೆ ಬಡಿಯಿತು.

"ಏನು ಬಿಡದೆ?" ಎಸ್‌ಐ ಹುಬ್ಬುಗಂಟಿಕ್ಕಿದ. "ಎಂಥಾ ಕೋಳಿ?"

"ಅದೇ ಸಾರ್, ವೈರಿನವರು ಅಂತಾರಲ್ಲ. ಆ ಬಾಗು."

"ಯಾವ ವೈರಿನವರು?" ಎಂದಳು ಸೂಜಿ.

"ಎಲ್ರೂ ಹಾಗೇ ಅನ್ನೋದಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ಲರೂ ಹಾಗೆ ಅನ್ನುವುದಿಲ್ಲ. ಅಪ್ಪ ಹಾಗೆ ಅನ್ನಲಿಲ್ಲ. ತಮ್ಮ ಅನ್ನುತ್ತಿದ್ದನಾದರೂ ನಗಲಿಕ್ಕೆ, ಅದೂ ಭಾವನ ಮುಂದೆ ಮಾತ್ರ. ಮನೆ ಬಿಟ್ಟ ಮೇಲೆ ಅವನು ಆ ಮಾತು ಎತ್ತಿದ್ದಿಲ್ಲ, ಈ ಬಾಮೈದನ ಜೊತೆಗಂತೂ ಬಾಯಿಯನ್ನೇ ತೆರೆದಿಲ್ಲ. ಈ ತಪ್ಪು ಪದವನ್ನು ಸರಿಯಾದ ಪದವೆಂಬಂತೆ, ನಗದೆ, ಗಂಭೀರವಾಗಿ ಹೇಳುವ ಬಾಯಿ ಈ ಭೂಮಿಯ ಮೇಲೆ ಒಂದೇ ಒಂದು ಇತ್ತು. ಆ ಬಾಯಿಂದ ಕಲಿತವನು ಇವನು. ಪಾಪ, ಅದೇ ಕಸುಬಿನ ಮಾತು ಎಂದು ನಂಬಿ ಕಲಿತಿದ್ದಾನೆ.

ಭಾವನ ಗಾಡಿಯಲ್ಲಿ ಸೀಟೇ ಮಂಚವಾದವನೊಬ್ಬ, ಮಾವನ ಅಂಗಡಿಯಲ್ಲಿ ಮೊಟ್ಟೆ ಲೆಕ್ಕ ಕೇಳಿಸಿಕೊಂಡವನೊಬ್ಬ. ಇವರಿಬ್ಬರೂ ಎಲ್ಲಿ, ಯಾವಾಗ ಸಿಕ್ಕರು? ಯಾರ ಸಂಕಟವನ್ನು ಯಾರು ಕೇಳಿದರು? ಒಂದೇ ಏಟಿಗೆ ಇಬ್ಬರ ಕಂಟಕವೂ ಕಳೆಯುತ್ತದೆ ಎಂದು ಯಾರು ಮೊದಲು ಅಂದರು?

"ಮುಖ್ಯಾನಾ ಮೇಡಂ ಅದು?" ಎಸ್‌ಐ ಅವಳ ಮುಖವನ್ನೇ ನೋಡುತ್ತಿದ್ದ. ಪಾಠ ಹೇಳಿಕೊಟ್ಟವಳು ಅವಳೇ. ಸಾಕ್ಷಿಯ ಮಾತಲ್ಲ, ಮಾತು ಕೇಳಿದವರ ಮುಖ ನೋಡು ಎಂದು.

"ಏನಿಲ್ಲ. ಬಿಸಿಲಿಗೆ ತಲೆ ಸುತ್ತಿದ ಹಾಗಾಯ್ತು," ಎಂದು ಸೂಜಿ ಗಾಡಿಯಿಂದ ಇಳಿದಳು.

ಶೆಡ್ಡಿನ ಹಿಂದೆ ಹಳೆಯ ಟೈರುಗಳ ರಾಶಿ. ಅದರ ಮರೆಯಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದಳು. ತನ್ನ ಊಹೆ ಸುಳ್ಳಾಗಲಿ ಎಂದೇ ಮಾಡಿದಳು. ಇಷ್ಟು ವರ್ಷ ಕಳ್ಳರನ್ನು ಹಿಡಿದವಳಿಗೆ ಮೊದಲ ಸಲ ಕಳ್ಳ ಸಿಗದಿರಲಿ ಎನಿಸಿತ್ತು.

"ಡಬ್ಬಿ ತೆಗೆದ್ಯಾ?" ಗಂಡನ ದನಿ ಎಂದಿನಂತೆ ಮೆತ್ತಗಿತ್ತು. "ಹಸಿದುಕೊಂಡು ಓಡಾಡ್ಬೇಡ, ಆಮೇಲೆ ತಲೆನೋವು ಅಂತೀಯ."

"ತಿಂತೀನಿ ಕಣ್ರೀ." ಅವಳು ಟೈರಿಗೆ ಒರಗಿದಳು. "ಪೊಲೀಸರು ಹೇಳಿದ್ದೇ ಸರಿ. ತಪ್ಪು ಅವನದೇ. ಅಪ್ಪ ಅಷ್ಟು ಹೊಡೆದು ಬಡಿದು ಕಲಿಸಿದ್ದನ್ನೇ ಮರೆತಿದಾನೆ. ಆ ತೂತಿನ ಹತ್ರ ಬೆರಳಗಲ ಕೂಡ ಜೋಲು ಬಿಟ್ಟಿಲ್ಲ. ಅಪ್ಪನ ಹೆಸರಿಗೇ ಮಸಿ ಬಳಿದ."

"ಛೆ, ಸುಮ್ನಿರು," ಎಂದ ಅವನು ತಟ್ಟನೆ. ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಮಾವನ ಕೈಯಲ್ಲಿ ಕಲಿತೋನು ಹಾಗೆ ಎಳೀತಾನೇನೇ? ಒಂದು ಗೇಣು ಬಿಟ್ಟಿದ್ದ. ಅಳತೆ ಹಿಡಿದ ಹಾಗೆ—"

ಅಲ್ಲಿಗೆ ಮಾತು ನಿಂತಿತು.

ಸೂಜಿ ಕಣ್ಣು ಮುಚ್ಚಿಕೊಂಡಳು. ಗಾಡಿಯನ್ನು ಕಣ್ಣಲ್ಲೂ ನೋಡಿಲ್ಲ ಎಂದವನ ಉಸಿರು ಫೋನಿನಲ್ಲಿ ಕೇಳಿಸುತ್ತಿತ್ತು. ತಮ್ಮನ ಜೀವನ ಹಾಳುಮಾಡಲು ಹೊರಟವನಿಗೆ ತಮ್ಮನ ಕೆಲಸವನ್ನು ಹಳಿದರೆ ಸಹಿಸಲಾಗಲಿಲ್ಲ. ಎಂಥ ಮನುಷ್ಯ! ಅವಳಿಗೆ ಅಳು ಬಂತು, ಅದಕ್ಕಿಂತ ಮೊದಲು ಹೇಸಿಗೆ ಬಂತು. ಆಮೇಲೆ ಆ ಕಡೆ ಅಂಗಡಿಯ ಷಟರ್ ದಡದಡ ಇಳಿಯುವ ಸದ್ದು ಬಂತು. ಫೋನ್ ಕಟ್ಟಾಯಿತು.

ಮತ್ತೆ ಮಾಡಿದಳು. ಬಿಜಿ. ತಲೆಯೆತ್ತಿ ನೋಡಿದರೆ ಮನೆಗಾಡಿಯ ಕಿಟಕಿಯ ಪರದೆ ಸರಿಸಿ ಬಾಮೈದ ಅವಳನ್ನೇ ನೋಡುತ್ತಿದ್ದ. ಅವನ ಕಿವಿಯಲ್ಲಿ ಫೋನಿತ್ತು.

"ಮೇಡಂ!" ಎಸ್‌ಐ ಶೆಡ್ಡು ಬಳಸಿಕೊಂಡು ಬಂದ. ಅವನ ಹಿಂದೆ ಇಬ್ಬರು ಪೇದೆಗಳ ನಡುವೆ ತಮ್ಮ. ಕೈಗೆ ಕೋಳ, ಗಡ್ಡ ಬೆಳೆದ ಮುಖ, ನೆಲದ ಮೇಲೆ ನೆಟ್ಟ ಕಣ್ಣು. ಜೀಪು ಶುರುವಾಗಿತ್ತು.

"ಕೋರ್ಟಿಗೆ ಹೊರಟ್ವಿ. ನಿಮ್ಮ ಹತ್ರ ಏನಾದ್ರೂ ಇದ್ರೆ ಈಗ್ಲೇ ಹೇಳ್ಬೇಕು." ಎಸ್‌ಐ ದನಿ ತಗ್ಗಿಸಿದ. "ಆ ಡ್ರೈವರ್ ಏನೋ ಅಂದಾಗ ನಿಮ್ಮ ಮುಖ ಬಿಳಿಚಿಕೊಂಡಿತ್ತು. ಹೇಳಿ. ಹನಿಕೋಳಿ ಅಂದ್ರೆ ಏನು?"

ತಮ್ಮ ತಲೆಯೆತ್ತಿದ.

ಎಷ್ಟೋ ಕಾಲದ ಮೇಲೆ ಅವನು ಅಕ್ಕನ ಮುಖವನ್ನು ನೇರವಾಗಿ ನೋಡಿದ. ಅವನಿಗೆ ಅರ್ಥವಾಗಿತ್ತು, ಅರ್ಥವಾಗದಿರಲು ಹೇಗೆ ಸಾಧ್ಯ? ಒಂದು ಮಾತು ಅವನೇ ಹೇಳಿದ್ದರೆ ಕೋಳ ಬಿಚ್ಚುತ್ತಿತ್ತು. ಅವನು ಹೇಳಲಿಲ್ಲ. ಅಂಗಡಿ ಯಾರದು ಎಂದು ಕೇಳಿದ ದಿನ ನಿಂತಿದ್ದ ಹಾಗೆಯೇ, ಈ ಸಲ ಅಕ್ಕ ಯಾರ ಪರ ನಿಲ್ಲುತ್ತಾಳೆ ಎಂದು ಕಾಯುತ್ತ ನಿಂತ.